ನನ್ನ ಬ್ಯಾಡ್ಮಿಂಟನ್ ಬ್ಯಾಟ್ ಉದ್ದ ಜಾಸ್ತಿಯಂತೆ! ನಿಜವಾದ ಅಳತೆ ಎಷ್ಟು, ಹೊಸದು ಕೊಳ್ಳುವುದಾದರೆ ಯಾವುದು?

ದಾವಣಗೆರೆಯವನು

ಎಲ್ಲರಿಗೂ ನಮಸ್ಕಾರ. ವಯಸ್ಸು 43, ಆಡಲು ಶುರು ಮಾಡಿ ಮೂರು ವರ್ಷ, ವಾರಕ್ಕೆ ನಾಲ್ಕು ದಿನ ಡಬಲ್ಸ್. ಕಳೆದ ಭಾನುವಾರ ನಮ್ಮ ಬಡಾವಣೆಯ ಪಂದ್ಯಾವಳಿಯಲ್ಲಿ ಒಂದು ತಕರಾರು ಎದ್ದಿತು. ಎದುರಾಳಿ ತಮ್ಮ ಬ್ಯಾಟನ್ನು ನನ್ನದರ ಪಕ್ಕದಲ್ಲಿ ನಿಲ್ಲಿಸಿ, "ನೋಡಿ, ನಿಮ್ಮದು ಒಂದು ಬೆರಳು ಉದ್ದ ಇದೆ, ಇದು ನಡೆಯುವುದಿಲ್ಲ" ಎಂದರು. ಪಕ್ಕದ ಮನೆಯಿಂದ ಬಟ್ಟೆ ಹೊಲಿಯುವವರ ಟೇಪು ತರಿಸಿದರು. ನನ್ನದು 67.5 ಸೆಂ.ಮೀ., ಅವರದು 66.5. ನಿಯಮ ಏನು ಎಂಬುದು ಅಲ್ಲಿದ್ದ ಹದಿನೆಂಟು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ "ಆಡಿ, ಆಮೇಲೆ ನೋಡೋಣ" ಎಂದರು. ಆಡಿದೆವು, 14-21, 9-21ರಲ್ಲಿ ಸೋತೆವು. ಆ ಒಂದು ಸೆಂಟಿಮೀಟರ್ ನನಗೆ ಎಷ್ಟು ಲಾಭ ತಂದಿತು ಎಂಬುದನ್ನು ನೀವೇ ಊಹಿಸಿ.

ಈಗ ಪ್ರಶ್ನೆ ಎರಡು. ನನ್ನ ಬ್ಯಾಟ್ ನಿಯಮಕ್ಕೆ ವಿರುದ್ಧವೇ? ಎರಡನೆಯದು, ಎಷ್ಟು ಬಲ ಹಾಕಿ ಹೊಡೆದರೂ ನನ್ನ ಸ್ಮ್ಯಾಷ್ (ಮೇಲಿನಿಂದ ಕೆಳಕ್ಕೆ ಬಾರಿಸುವ ಹೊಡೆತ) ಹೋಗುವುದೇ ಇಲ್ಲ, ಕಾಕ್ (ಶಟಲ್) ತೇಲಿಕೊಂಡು ಹೋಗಿ ಎದುರಾಳಿಯ ಕೈಗೆ ಸಿಗುತ್ತದೆ. ಅಂಗಡಿಯವರು "ತಲೆಭಾರದ ಬ್ಯಾಟ್ ತೆಗೆದುಕೊಳ್ಳಿ, ಎಲ್ಲ ಸರಿಯಾಗುತ್ತದೆ" ಎನ್ನುತ್ತಾರೆ. ಈಗಿರುವುದು 4U ಎಂದು ತೂಕದ ಗುರುತು ಬರೆದಿರುವ ಕಾರ್ಬನ್ ಬ್ಯಾಟ್. ನಾಲ್ಕು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಒಂಬತ್ತು ವರ್ಷದ ಮಗಳೂ ಬರುತ್ತೇನೆ ಎನ್ನುತ್ತಿದ್ದಾಳೆ, ಅವಳಿಗೂ ಒಂದು ಬೇಕು.

ಲೆಕ್ಕದ ಮೇಷ್ಟ್ರು, ಶಿವಮೊಗ್ಗ

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಬ್ಯಾಡ್ಮಿಂಟನ್ ವಿಶ್ವ ಒಕ್ಕೂಟದ ನಿಯಮದ ಪ್ರಕಾರ ಬ್ಯಾಟಿನ ಒಟ್ಟು ಉದ್ದ 680 ಮಿ.ಮೀ. ಮೀರಬಾರದು, ಅಗಲ 230 ಮಿ.ಮೀ. ಮೀರಬಾರದು. ಗಟ್ (ತಂತಿ) ಹೆಣೆದ ಜಾಗ 280 ಮಿ.ಮೀ. ಉದ್ದ, 220 ಮಿ.ಮೀ. ಅಗಲದೊಳಗೆ ಇರಬೇಕು. ಕೆಲವು ವಿನ್ಯಾಸಗಳಲ್ಲಿ ಗಟ್ಟಿನ ಹೆಣಿಗೆ ಕುತ್ತಿಗೆಯ ಕಡೆಗೆ ಇಳಿದಿರುತ್ತದೆ. ಅಲ್ಲಿ ಅದರ ಅಗಲ 35 ಮಿ.ಮೀ. ದಾಟಬಾರದು, ಹೆಣಿಗೆಯ ಒಟ್ಟು ಉದ್ದ 330 ಮಿ.ಮೀ. ದಾಟಬಾರದು. ನಿಮ್ಮದು 675 ಮಿ.ಮೀ., ಅಂದರೆ ಇನ್ನೂ ಐದು ಮಿಲಿಮೀಟರ್ ಉಳಿದಿದೆ. ಈಗ ಅಂಗಡಿಯಲ್ಲಿ ಸಿಗುವ ದೊಡ್ಡವರ ಬ್ಯಾಟುಗಳಲ್ಲಿ ಬಹುಪಾಲು ಇದೇ ಉದ್ದದವು. ನಿಮ್ಮ ಎದುರಾಳಿಯದು ಹಳೆಯ ಅಳತೆಯದಿರಬೇಕು, ಮೊದಲು 665 ಸಾಮಾನ್ಯವಾಗಿತ್ತು.

ಒಂದು ಸ್ವಾರಸ್ಯ ಗಮನಿಸಿ. ಉದ್ದ, ಅಗಲಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಕಟ್ಟು ಹಾಕಿರುವ ನಿಯಮ ತೂಕದ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಕಾಕ್‌ಗೆ ಮಾತ್ರ ತೂಕವಿದೆ: 16 ಪುಕ್ಕ, 4.74ರಿಂದ 5.50 ಗ್ರಾಂ. ಬ್ಯಾಟನ್ನು ನೀವು ಒನಕೆಯಷ್ಟು ಭಾರ ಮಾಡಿಕೊಂಡು ಬಂದರೂ ಯಾರೂ ತಡೆಯುವಂತಿಲ್ಲ.

ಸಂಜೆ ಬ್ಯಾಚ್

ಉದ್ದ 27 ಇಂಚಿನವರೆಗೂ ಇರಬಹುದು ಎಂದು ನಮ್ಮ ತರಬೇತುದಾರರು ಹೇಳಿದ್ದರು.

ಲೆಕ್ಕದ ಮೇಷ್ಟ್ರು, ಶಿವಮೊಗ್ಗ

27 ಇಂಚು ಅಂದರೆ 685.8 ಮಿ.ಮೀ., ನಿಯಮ ಮೀರಿತು. ಅದು ಟೆನಿಸ್ ಬ್ಯಾಟಿನ ಮಾಮೂಲಿ ಉದ್ದ. ಎರಡೂ ಬಲೆಯ ಮೇಲೆ ಹೊಡೆಯುವ ಆಟವೇ ಆದ್ದರಿಂದ ಈ ಗೊಂದಲ ಬಹಳ ಜನರಿಗೆ ಇದೆ.

ಗಟ್ಟಿಂಗ್ ಕಾಕಾ, ಬೆಳಗಾವಿ

ದಾವಣಗೆರೆಯವರೇ, ಹಣ ಜೇಬಿನಲ್ಲಿಯೇ ಇರಲಿ. ಮೊದಲು ನನಗೆ ಎರಡು ವಿಷಯ ಹೇಳಿ. ಈ ಬ್ಯಾಟ್ ಕೊಂಡು ಎಷ್ಟು ದಿನವಾಯಿತು, ಗಟ್ ಬದಲಿಸಿ ಎಷ್ಟು ದಿನವಾಯಿತು? ಹಿಡಿಯ ಮೇಲೆ ಎಷ್ಟು ಗ್ರಿಪ್ ಸುತ್ತಿದ್ದೀರಿ?

ನಾನು ದಿನಕ್ಕೆ ಏಳೆಂಟು ಬ್ಯಾಟ್ ಗಟ್ ಮಾಡುತ್ತೇನೆ. "ಬ್ಯಾಟ್ ಸರಿಯಿಲ್ಲ" ಎಂದು ಬರುವವರಲ್ಲಿ ಬ್ಯಾಟ್ ನಿಜವಾಗಿಯೂ ಸರಿಯಿಲ್ಲದವರು ಕಡಿಮೆ.

ದಾವಣಗೆರೆಯವನು

ಮೇಷ್ಟ್ರೇ, ತುಂಬಾ ಉಪಕಾರವಾಯಿತು. ನಿಮ್ಮ ಬರಹವನ್ನು ಬಡಾವಣೆಯ ಗುಂಪಿಗೆ ಕಳಿಸಿದ್ದೇನೆ, ಈವರೆಗೆ ಯಾರೂ ಉತ್ತರಿಸಿಲ್ಲ.

ಕಾಕಾ, ಕೊಂಡು ಎರಡು ವರ್ಷ. ಗಟ್ ಕಿತ್ತುಹೋಗಿಲ್ಲ, ಆದ್ದರಿಂದ ಬದಲಿಸಿಲ್ಲ. ಗ್ರಿಪ್ ಮಾತ್ರ ಕೊಳೆಯಾದಾಗ ಹೊಸದು ಸುತ್ತಿದ್ದೇನೆ.

ಗಟ್ಟಿಂಗ್ ಕಾಕಾ, ಬೆಳಗಾವಿ

ಹಳೆಯದನ್ನು ಬಿಚ್ಚಿ ಸುತ್ತಿದಿರೋ, ಹಳೆಯದರ ಮೇಲೆಯೇ ಸುತ್ತಿದಿರೋ?

ಸಂಜೆ ಬ್ಯಾಚ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸ್ಮ್ಯಾಷ್ ಬೇಕು ಎಂದರೆ ತಲೆಭಾರದ, ಗಟ್ಟಿ ಶಾಫ್ಟಿನ (ಹಿಡಿಗೂ ತಲೆಗೂ ನಡುವಿನ ಕಡ್ಡಿಯ) 3U ಬ್ಯಾಟ್ ತೆಗೆದುಕೊಳ್ಳಲೇಬೇಕು. ಗಟ್ಟಿನ ಬಿಗಿ 28 ಪೌಂಡ್. ನಾನು ಬೆಂಗಳೂರಿನಲ್ಲಿ ಆಡುತ್ತೇನೆ, ನಮ್ಮ ಬ್ಯಾಚಿನಲ್ಲಿ ಎಲ್ಲರದೂ ಹಾಗೆಯೇ. ಹಗುರ ತಲೆಯ ಬ್ಯಾಟ್ ಏನಿದ್ದರೂ ಬಲೆಯ ಹತ್ತಿರ ನಿಂತು ತಟ್ಟುವವರಿಗೆ.

ಡಬಲ್ಸ್ ಮಾತ್ರ, ಹುಬ್ಬಳ್ಳಿ

ತಮ್ಮಾ, ನಿನ್ನ ವಯಸ್ಸು ಇಪ್ಪತ್ತೈದರ ಒಳಗೆ ಇರಬೇಕು. ಪ್ರಶ್ನೆ ಕೇಳಿದವರಿಗೆ 43.

ನಾನು 38ನೇ ವಯಸ್ಸಿನಲ್ಲಿ ಯಾರದೋ ಮಾತು ಕೇಳಿ ಇಂಥದೇ ಗಟ್ಟಿ ಶಾಫ್ಟಿನ ಬ್ಯಾಟ್ ಕೊಂಡೆ, 27 ಪೌಂಡ್ ಹಾಕಿಸಿದೆ. ಗಟ್ಟಿ ಶಾಫ್ಟ್ ಬಾಗಬೇಕಾದರೆ ಕೈ ಅಷ್ಟು ವೇಗವಾಗಿ ಬೀಸಬೇಕು. ನನ್ನ ಕೈಯಲ್ಲಿ ಅದು ಬಾಗಲೇ ಇಲ್ಲ, ಕಟ್ಟಿಗೆಯಂತೆ ಇತ್ತು. ಹೊಡೆತದ ಅದುರು ನೇರವಾಗಿ ಮೊಣಕೈಗೆ ಬರುತ್ತಿತ್ತು. ಆರನೇ ವಾರಕ್ಕೆ ರೊಟ್ಟಿ ತಟ್ಟಲು ಆಗಲಿಲ್ಲ, ಎರಡನೇ ತಿಂಗಳಿಗೆ ಚಹಾ ಪಾತ್ರೆ ಎತ್ತಲು ಎಡಗೈ ಬೇಕಾಯಿತು. ಐದು ತಿಂಗಳು ಆಟ ನಿಂತಿತು. ತಪ್ಪು ಬ್ಯಾಟಿನದು ಮಾತ್ರವಲ್ಲ, ನಾನು ಹಿಡಿಯನ್ನು ಸದಾ ಬಿಗಿಯಾಗಿ ಹಿಸುಕಿ ಹಿಡಿಯುತ್ತಿದ್ದೆ, ಬ್ಯಾಕ್‌ಹ್ಯಾಂಡ್ ತಡವಾಗಿ ಹೊಡೆಯುತ್ತಿದ್ದೆ. ಆದರೆ ಮೆದು ಶಾಫ್ಟಿನ ಬ್ಯಾಟ್ ಇದ್ದಿದ್ದರೆ ಆ ತಪ್ಪುಗಳನ್ನು ಅದು ಸ್ವಲ್ಪವಾದರೂ ಸಹಿಸಿಕೊಳ್ಳುತ್ತಿತ್ತು.

ಹಗುರ ತಲೆಯ ಬ್ಯಾಟಿನಲ್ಲಿ ಸ್ಮ್ಯಾಷ್ ಇಲ್ಲ ಎನ್ನುವ ಮಾತಿಗೆ ಒಂದೇ ಉತ್ತರ. ನಮ್ಮ ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ 2023ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಷ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದಾಗ ಕೈಯಲ್ಲಿ ಇದ್ದದ್ದು ಯೋನೆಕ್ಸ್ ಕಂಪನಿಯ ನ್ಯಾನೋಫ್ಲೇರ್ 1000 ಝಡ್. ಆ ಸರಣಿಯೇ ಹಗುರ ತಲೆಯದು.

ಸಂಜೆ ಬ್ಯಾಚ್

ಅದು ಸಾತ್ವಿಕ್ ಅಕ್ಕಾ, ನಾವಲ್ಲ.

ಡಬಲ್ಸ್ ಮಾತ್ರ, ಹುಬ್ಬಳ್ಳಿ

ನಾನೂ ಅದನ್ನೇ ಹೇಳುತ್ತಿರುವುದು.

ಮಲ್ಲೇಶ್ವರದ ಹಳಬ

ಈ U, G ಎಲ್ಲ ಓದುವಾಗ ನಗು ಬರುತ್ತದೆ. ನಾವು ಶುರು ಮಾಡಿದ್ದು ಮರದ ಬ್ಯಾಟಿನಲ್ಲಿ. ಆಡಿ ಬಂದ ಮೇಲೆ ಅದನ್ನು ಚೌಕಟ್ಟಿಗೆ ಸೇರಿಸಿ ನಾಲ್ಕು ಮೂಲೆಯ ತಿರುಪು ಬಿಗಿಯಬೇಕಿತ್ತು, ಇಲ್ಲವಾದರೆ ಮಳೆಗಾಲದಲ್ಲಿ ಹಪ್ಪಳದಂತೆ ಡೊಂಕಾಗುತ್ತಿತ್ತು. ಗಟ್ ಎಂಬ ಹೆಸರು ಬಂದದ್ದೇ ಪ್ರಾಣಿಗಳ ಕರುಳಿನಿಂದ. ಒದ್ದೆಯಾದರೆ ಮುಗಿಯಿತು ಅದರ ಕಥೆ.

ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ನಮ್ಮ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಯ ಮಂಟಪವೂ ಹೌದು. ಮುಹೂರ್ತವಿದ್ದ ದಿನ ಆಟವಿಲ್ಲ. ಅಲ್ಲಿಂದ ಹೊರಟು 1980ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿದರು. ಕಿಂಗ್ ಎಗರಿ ಸ್ಮ್ಯಾಷ್ ಹೊಡೆಯುವುದರಲ್ಲಿ ಎತ್ತಿದ ಕೈ. ಪ್ರಕಾಶ್ ಗೆದ್ದದ್ದು ಕಾಕನ್ನು ಎಲ್ಲಿ ಇಡಬೇಕೋ ಅಲ್ಲಿ ಇಟ್ಟು. ಅಂಗಡಿಯಲ್ಲಿ ಅಂಥ ಮಣಿಕಟ್ಟು ಎಷ್ಟು U ಎಂದು ಕೇಳಿ ನೋಡಿ.

ಗಟ್ಟಿಂಗ್ ಕಾಕಾ, ಬೆಳಗಾವಿ

ಹಳಬರೇ, ಸತ್ಯ. ಆದರೂ U ಎಂದರೆ ಏನು ಎಂದು ಒಮ್ಮೆ ಬರೆದುಬಿಡುತ್ತೇನೆ, ಕೇಳಿದವರಿಗೆ ಬೇಕು. ಯೋನೆಕ್ಸ್ ಲೆಕ್ಕದಲ್ಲಿ 3U ಅಂದರೆ 85ರಿಂದ 89 ಗ್ರಾಂ, 4U 80ರಿಂದ 84, 5U 75ರಿಂದ 79. ಅಂಕಿ ಏರಿದಂತೆ ತೂಕ ಇಳಿಯುತ್ತದೆ. G ಎಂಬುದು ಹಿಡಿಯ ದಪ್ಪ, ಅಲ್ಲಿಯೂ ಅಂಕಿ ಏರಿದಂತೆ ಹಿಡಿ ಸಣ್ಣದಾಗುತ್ತದೆ. ಬೇರೆ ಕಂಪನಿಯವರು ಬೇರೆ ಅಕ್ಷರ ಬಳಸುತ್ತಾರೆ, ಆದ್ದರಿಂದ ಅಕ್ಷರ ನಂಬಬೇಡಿ, ಗ್ರಾಂ ಕೇಳಿ. ಈ ತೂಕ ಗಟ್ ಇಲ್ಲದ ಖಾಲಿ ಬ್ಯಾಟಿನದು. ಗಟ್, ಮೇಲೊಂದು ಗ್ರಿಪ್ ಸೇರಿದರೆ ಹತ್ತು ಗ್ರಾಂ ಆಸುಪಾಸು ಏರುತ್ತದೆ.

ದಾವಣಗೆರೆಯವನು

ಕಾಕಾ, ನಾಚಿಕೆಯಿಂದ ಹೇಳುತ್ತಿದ್ದೇನೆ. ಹಳೆಯದರ ಮೇಲೆಯೇ ಸುತ್ತಿದ್ದೇನೆ. ಈಗ ತುದಿ ಬಿಡಿಸಿ ನೋಡಿದೆ. ಬಿಳಿಯ ಕೆಳಗೆ ನೀಲಿ ಇದೆ, ನೀಲಿಯ ಕೆಳಗೆ ಕಂಪನಿಯವರ ಕಪ್ಪು.

ಲೆಕ್ಕದ ಮೇಷ್ಟ್ರು, ಶಿವಮೊಗ್ಗ

ತಡೆಯಿರಿ, ಈಗಲೇ ಬಿಚ್ಚಬೇಡಿ! ಒಂದು ಪ್ರಯೋಗ ಮಾಡೋಣ. ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಬ್ಯಾಟನ್ನು ಈಗ ಹೇಗಿದೆಯೋ ಹಾಗೆಯೇ ತೂಗಿ. ಆಮೇಲೆ ಮರದ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿದು, ಅದರ ಮೇಲೆ ಬ್ಯಾಟಿನ ಶಾಫ್ಟ್ ಇಟ್ಟು, ಎರಡೂ ಕಡೆ ಬೀಳದೆ ನಿಲ್ಲುವ ಜಾಗ ಹುಡುಕಿ. ಹಿಡಿಯ ತುದಿಯಿಂದ ಆ ಜಾಗಕ್ಕೆ ಎಷ್ಟು ಮಿಲಿಮೀಟರ್ ಎಂದು ಅಳೆಯಿರಿ. ಇದೇ ಸಮತೋಲದ ಬಿಂದು. 285ರಿಂದ 295ರ ಒಳಗೆ ಬಂದರೆ ಸಮತೂಕದ ಬ್ಯಾಟ್ ಎನ್ನಬಹುದು, ಅದಕ್ಕಿಂತ ಹೆಚ್ಚಿದ್ದರೆ ತಲೆಭಾರ, ಕಡಿಮೆಯಿದ್ದರೆ ಹಗುರ ತಲೆ. ಗೆರೆ ಕೊರೆದಂತೆ ಅಲ್ಲ, ಅಂದಾಜು.

ದಾವಣಗೆರೆಯವನು

ತೂಕ 94 ಗ್ರಾಂ. ಬಿಂದು 281 ಮಿ.ಮೀ. ಮೂರು ಸಲ ಅಳೆದೆ, ಮಗಳು ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು. ಅಂದರೆ ನನ್ನದು ಹಗುರ ತಲೆಯ ಬ್ಯಾಟೇ? ಕೊಳ್ಳುವಾಗ ಸಮತೂಕದ್ದು ಎಂದಿದ್ದರು.

ಲೆಕ್ಕದ ಮೇಷ್ಟ್ರು, ಶಿವಮೊಗ್ಗ

ಅವರು ಸುಳ್ಳು ಹೇಳಿರಲಿಕ್ಕಿಲ್ಲ. ನೀಲಿ ಗ್ರಿಪ್ 5 ಗ್ರಾಂ ಎಂದುಕೊಳ್ಳಿ. ಅದು ಹಿಡಿಯ ಮೇಲೆ, ಅಂದರೆ ತುದಿಯಿಂದ ಸರಾಸರಿ 80 ಮಿ.ಮೀ. ದೂರದಲ್ಲಿ ಕುಳಿತಿದೆ. ಈಗಿನ ಲೆಕ್ಕ 94 × 281 = 26,414. ಅದರಲ್ಲಿ ನೀಲಿ ಗ್ರಿಪ್ಪಿನ ಪಾಲು 5 × 80 = 400. ಕಳೆದರೆ 26,014. ಅದನ್ನು ಉಳಿದ 89 ಗ್ರಾಮಿನಿಂದ ಭಾಗಿಸಿ: 292. ಒಂದು ಹಳೆಯ ಗ್ರಿಪ್ ಬಿಚ್ಚಿದರೆ ನಿಮ್ಮ ಬ್ಯಾಟಿನ ಸಮತೋಲ ಹನ್ನೊಂದು ಮಿಲಿಮೀಟರ್ ತಲೆಯ ಕಡೆಗೆ ಸರಿಯುತ್ತದೆ. ತಲೆಭಾರ ಬೇಕೆಂದು ಬೇರೆ ಬ್ಯಾಟ್ ಹುಡುಕುತ್ತಿದ್ದಿರಿ, ಅದರ ಅರ್ಧ ನಿಮ್ಮ ಮನೆಯಲ್ಲಿಯೇ ಸುತ್ತಿಟ್ಟುಕೊಂಡಿದ್ದೀರಿ.

ಒಂದು ಎಚ್ಚರಿಕೆಯೂ ಇದೆ. ತಲೆಯಲ್ಲಿರುವ ತೂಕ ಬದಲಾಗಿಲ್ಲ, ಹಿಡಿಯದು ಮಾತ್ರ ಇಳಿದಿದೆ. ಬೀಸುವಾಗ ಕೈಗೆ ಗೊತ್ತಾಗುವ ಭಾರ ನಮ್ಮ ಲೆಕ್ಕದಷ್ಟು ಬದಲಾಗುವುದಿಲ್ಲ. ಹಿಡಿಗೆ ಹತ್ತಿರದ ಐದು ಗ್ರಾಂ ಬೀಸಿಗೆ ಅಷ್ಟೇನೂ ಅಡ್ಡಿಯಲ್ಲ, ತಲೆಯ ತುದಿಯ ಒಂದು ಗ್ರಾಂ ಅದಕ್ಕಿಂತ ದೊಡ್ಡದು.

ಡಬಲ್ಸ್ ಮಾತ್ರ, ಹುಬ್ಬಳ್ಳಿ

ಮೇಷ್ಟ್ರು ತೂಕ ನೋಡಿದರು, ನಾನು ದಪ್ಪ ನೋಡುತ್ತೇನೆ. ಸ್ಮ್ಯಾಷಿನ ಬಲ ಭುಜದಿಂದ ಮಾತ್ರ ಬರುವುದಿಲ್ಲ. ಮುಂಗೈ ತಿರುಗಿ, ಕೊನೆಯ ಕ್ಷಣದಲ್ಲಿ ಬೆರಳುಗಳು ಹಿಡಿಯನ್ನು ಬಿಗಿಯಬೇಕು. ಹಿಡಿ ಬಾಳೆದಿಂಡಿನಷ್ಟು ದಪ್ಪವಾಗಿದ್ದರೆ ಬೆರಳಿಗೆ ಬಿಗಿಯಲು ಜಾಗವೇ ಇರುವುದಿಲ್ಲ. ಹಿಡಿದಾಗ ಉಂಗುರದ ಬೆರಳಿನ ತುದಿಗೂ ಅಂಗೈಯ ಮಾಂಸಕ್ಕೂ ನಡುವೆ ಸ್ವಲ್ಪ ಸಂದು ಇರಬೇಕು. ಆ ಸಂದೇ ಇಲ್ಲವಾದರೆ ಹಿಡಿ ಸಣ್ಣ, ಸಂದು ಒಂದು ಬೆರಳಿನಷ್ಟು ಅಗಲ ಇದ್ದರೆ ಹಿಡಿ ದಪ್ಪ.

ಚೆಂಡಾಟದ ಕೈ, ಚಿತ್ರದುರ್ಗ

ನನ್ನದು ಉಲ್ಟಾ ಕಥೆ. ಇಪ್ಪತ್ತು ವರ್ಷ ಬಾಲ್ ಬ್ಯಾಡ್ಮಿಂಟನ್ ಆಡಿದವನು. ಹಳದಿ ಉಣ್ಣೆಯ ಚೆಂಡು, ಮರದ ಬ್ಯಾಟ್, ತೂಕ 165ರಿಂದ 185 ಗ್ರಾಂ. ಬಯಲಿನಲ್ಲಿ ಐದು ಜನರ ತಂಡ. ಅಲ್ಲಿಂದ ಬಂದು 4U ಹಿಡಿದಾಗ ಕೈಯಲ್ಲಿ ಏನೂ ಇಲ್ಲ ಅನ್ನಿಸಿತು, ಬೀಸಿದ ಮೇಲೆ ಕಾಕ್ ಇನ್ನೂ ಮೇಲೆಯೇ ಇರುತ್ತಿತ್ತು. ಎಲ್ಲರೂ ಹಗುರ ಹಗುರ ಎಂದು ಹೇಳುತ್ತಿದ್ದರೂ ನಾನು 3U ತಲೆಭಾರದ್ದನ್ನೇ ಹಿಡಿದೆ, ನನಗೆ ಅದೇ ಒಗ್ಗಿತು. ಮೊಣಕೈ ಗಟ್ಟಿಯಿದೆ. ಅಕ್ಕನವರ ಮಾತು ತಳ್ಳಿಹಾಕುತ್ತಿಲ್ಲ, ಕೈ ಎಲ್ಲಿ ಪಳಗಿತು ಎಂಬುದನ್ನೂ ನೋಡಿ.

ಗಟ್ಟಿಂಗ್ ಕಾಕಾ, ಬೆಳಗಾವಿ

ಈಗ ಗಟ್ಟಿನ ವಿಷಯ. ಎರಡು ವರ್ಷದ ಗಟ್ ಕಿತ್ತುಹೋಗಿಲ್ಲ ಎಂದರೆ ಅದು ಚೆನ್ನಾಗಿದೆ ಎಂದಲ್ಲ, ಸತ್ತಿದೆ ಎಂದು. ಉಗುರಿನಿಂದ ಉದ್ದದ ಎಳೆಯೊಂದನ್ನು ಪಕ್ಕಕ್ಕೆ ಸರಿಸಿ ನೋಡಿ, ಅಡ್ಡ ಎಳೆ ಹಾಯುವ ಜಾಗದಲ್ಲಿ ಗರಗಸ ಎಳೆದಂತೆ ಗೀರು ಕಾಣುತ್ತದೆ. ಬೆರಳಿನಿಂದ ತಟ್ಟಿ ಕೇಳಿ. ಹೊಸ ಗಟ್ ಟಿಣ್ ಎನ್ನುತ್ತದೆ, ಸತ್ತದ್ದು ಚಾಪೆ ಒದರಿದಂತೆ.

ಇಪ್ಪತ್ತೆಂಟು ಪೌಂಡ್ ಎನ್ನುವ ಹುಡುಗರು ನನ್ನ ಅಂಗಡಿಗೂ ಬರುತ್ತಾರೆ. ಗಟ್ ಬಿಗಿಯಾದಷ್ಟೂ ಬಲ ಹೆಚ್ಚು ಎಂಬುದು ತಪ್ಪು ತಿಳಿವಳಿಕೆ. ಬಿಗಿ ಗಟ್ ಕಾಕನ್ನು ಹೇಳಿದ ಕಡೆ ಕಳಿಸುತ್ತದೆ, ಆದರೆ ದೂಡುವ ಕೆಲಸ ನಿಮ್ಮದೇ. ಸ್ವಲ್ಪ ಸಡಿಲ ಗಟ್ ತಾನೂ ಒಂದು ಕೈ ಸೇರಿಸಿ ದೂಡುತ್ತದೆ. ಬಿಗಿ ಹೆಚ್ಚಿದಂತೆ ನಡುವಿನ ಒಳ್ಳೆಯ ಜಾಗ ಕಿರಿದಾಗುತ್ತದೆ, ಅಂಚಿಗೆ ತಗುಲಿದ ಹೊಡೆತ ಅಲ್ಲಿಯೇ ಸಾಯುತ್ತದೆ. ನೀವು 22 ಅಥವಾ 23 ಹಾಕಿಸಿ. ಎಷ್ಟರವರೆಗೆ ಬಿಗಿಯಬಹುದು ಎಂಬುದನ್ನು ಹಿಡಿಯ ಮೇಲಿನ ಕೋನಿನ (ಹಿಡಿ ಶಾಫ್ಟಿಗೆ ಸೇರುವ ಜಾಗದ) ಹತ್ತಿರ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ದಾಟಬೇಡಿ. ದಪ್ಪ 0.70 ಮಿ.ಮೀ. ಗಟ್ ಬಾಳಿಕೆ ಬರುತ್ತದೆ, 0.65ರ ಸುತ್ತಿನದು ಚೆನ್ನಾಗಿ ಚಿಮ್ಮಿಸುತ್ತದೆ ಆದರೆ ಬೇಗ ಹೋಗುತ್ತದೆ. ಬಿಜಿ 65 ಎಂಬ ಗಟ್ ಕೇಳಿದರೆ ಎಲ್ಲ ಊರಲ್ಲಿಯೂ ಸಿಗುತ್ತದೆ, ಅದು 0.70.

ಮುಂದೆ ಎಂದಾದರೂ ಆಟದ ನಡುವೆ ಗಟ್ ಕಿತ್ತರೆ ಹಾಗೆಯೇ ಚೀಲಕ್ಕೆ ಹಾಕಬೇಡಿ. ಒಂದು ಎಳೆ ಹೋದ ಮೇಲೆ ಉಳಿದವು ಚೌಕಟ್ಟನ್ನು ಒಂದೇ ಕಡೆ ಎಳೆಯುತ್ತವೆ. ಅಲ್ಲಿಯೇ ಕತ್ತರಿ ತೆಗೆದುಕೊಂಡು ನಡುವಿನಿಂದ ಶುರು ಮಾಡಿ ಹೊರಗೆ ಕತ್ತರಿಸುತ್ತಾ ಬನ್ನಿ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ. ಬಿರುಕು ಬಿಟ್ಟ ಬ್ಯಾಟ್ ತಂದು "ಗಟ್ ಹಾಕುವಾಗ ಒಡೆಯಿತು" ಎನ್ನುವವರ ಜೊತೆ ಜಗಳವಾಡಿ ನನ್ನ ಗಂಟಲು ಹೋಗಿದೆ.

ಕಡಲ ಗಾಳಿ, ಮಂಗಳೂರು

ನಮ್ಮ ಕಡೆ ಬೆವರು ಎಷ್ಟೆಂದರೆ ಮೇಲೆ ಹೇಳಿದ ಯಾವ ಗ್ರಿಪ್ಪೂ ಅರ್ಧ ಗಂಟೆ ನಿಲ್ಲುವುದಿಲ್ಲ. ಟವೆಲ್ ಗ್ರಿಪ್ ಸುತ್ತಿದರೆ ಹಿಡಿತ ಸಿಗುತ್ತದೆ, ಆದರೆ ಅದು ದಪ್ಪ, ನೀರು ಕುಡಿದು ಭಾರವೂ ಆಗುತ್ತದೆ. ಅದಕ್ಕಾಗಿ ಕಂಪನಿಯ ಗ್ರಿಪ್ ತೆಗೆದು ಹಾಕಿ ಹಿಡಿಯೊಳಗಿನ ಬರೀ ಮರದ ಮೇಲೆ ಸುತ್ತುತ್ತೇನೆ.

ಇನ್ನೊಂದು ವಿಷಯ. ನಿಮ್ಮ ಕಾಕ್ ಯಾವುದು? ಸ್ಮ್ಯಾಷ್ ತೇಲುತ್ತದೆ ಎಂದರೆ ಕಾಕ್ ನಿಧಾನದ್ದಿರಲೂಬಹುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಕಾಕ್ ಓಡುತ್ತದೆ, ಆದ್ದರಿಂದ ಅಲ್ಲಿಯವರು 76 ನಂಬರಿನ ನಿಧಾನದ ಕಾಕ್ ಆಡುತ್ತಾರೆ (ನಂಬರ್ ಏರಿದಂತೆ ವೇಗ ಏರುತ್ತದೆ). ಅದನ್ನೇ ಇಲ್ಲಿಗೆ ತಂದರೆ ಹಿಂಬದಿ ಗೆರೆ ಮುಟ್ಟದೆ ಮೊದಲೇ ಬಿದ್ದುಬಿಡುತ್ತದೆ. ಪರೀಕ್ಷೆ ನಿಯಮದಲ್ಲಿಯೇ ಇದೆ: ಹಿಂಬದಿ ಗೆರೆಯ ಮೇಲೆ ನಿಂತು ಕೆಳಗಿನಿಂದ ಪೂರ್ತಿ ಬೀಸಿ ಹೊಡೆಯಿರಿ, ಎದುರಿನ ಹಿಂಬದಿ ಗೆರೆಗೆ 530ರಿಂದ 990 ಮಿ.ಮೀ. ಮೊದಲು ಬಿದ್ದರೆ ಸರಿ.

ಸಂಜೆ ಬ್ಯಾಚ್

ಪ್ಲಾಸ್ಟಿಕ್ ಕಾಕ್ ಆಡುವವರಿಗೆ: ಯೋನೆಕ್ಸ್‌ನ ಮೇವಿಸ್ ಕಾಕ್ ಡಬ್ಬಿಯ ಮುಚ್ಚಳ ಹಸಿರಿದ್ದರೆ ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. (ಹೌದು ಅಕ್ಕಾ, ನನ್ನ ಗಟ್ಟನ್ನು 25ಕ್ಕೆ ಇಳಿಸುತ್ತೇನೆ. ಭುಜ ಸ್ವಲ್ಪ ನೋಯುತ್ತಿದೆ.)

ಎರಡು ಮಕ್ಕಳ ಅಮ್ಮ, ತುಮಕೂರು

ಮಗಳ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ಎಲ್ಲರೂ ಸ್ಮ್ಯಾಷಿನ ಹಿಂದೆ ಬಿದ್ದಿದ್ದೀರಿ.

ಮಕ್ಕಳ ಬ್ಯಾಟ್ 21, 23, 25 ಇಂಚಿನಲ್ಲಿ ಬರುತ್ತದೆ. ವಯಸ್ಸಿಗಿಂತ ಕೈ ನೋಡಿ. ನನ್ನ ದೊಡ್ಡವನಿಗೆ ಎಂಟು ವರ್ಷಕ್ಕೇ "ಬೆಳೆಯುತ್ತಾನೆ" ಎಂದು ದೊಡ್ಡವರ ಬ್ಯಾಟ್ ಕೊಡಿಸಿದೆವು, ಶಾಲೆಯ ಅಂಗಿಯ ಹಾಗೆ. ಅವನು ಹಿಡಿಯ ತುದಿ ಬಿಟ್ಟು ಮೇಲೆ, ಕೋನಿನ ಹತ್ತಿರ ಹಿಡಿದು ಆಡತೊಡಗಿದ. ಭಾರ ತಡೆಯಲಾಗದೆ ತಾನೇ ಕಂಡುಕೊಂಡ ಉಪಾಯ ಅದು. ಆ ಅಭ್ಯಾಸ ಬಿಡಿಸಲು ಒಂದು ವರ್ಷ ಬೇಕಾಯಿತು. ಚಿಕ್ಕವಳಿಗೆ 23 ಇಂಚಿನದು ಕೊಡಿಸಿದೆವು, ಹತ್ತಾದ ಮೇಲೆ ನೇರವಾಗಿ ಪೂರ್ಣ ಉದ್ದದ 5U. ಅಂಗಡಿಯಲ್ಲಿ ತೋಳು ಮುಂದೆ ಚಾಚಿ ಬ್ಯಾಟನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯಲು ಹೇಳಿ. ಇಪ್ಪತ್ತು ಎಣಿಸುವುದರೊಳಗೆ ತಲೆ ಬಾಗಿದರೆ ಅದು ಅವಳ ಬ್ಯಾಟಲ್ಲ.

ದಾವಣಗೆರೆಯವನು

ಎರಡು ವಾರ ಕಳೆದು ಬರೆಯುತ್ತಿದ್ದೇನೆ. ಮೊದಲು ಮೇಷ್ಟ್ರಿಗೆ ವರದಿ: ಬಿಳಿ ಬಿಚ್ಚಿ, ನೀಲಿ ಬಿಚ್ಚಿ, ಬಿಳಿಯನ್ನು ಮತ್ತೆ ಸುತ್ತಿ ಅಳೆದೆ. 89 ಗ್ರಾಂ, ಬಿಂದು 291 ಮತ್ತು 292ರ ನಡುವೆ. ಮಗಳು ಈಗ ಮನೆಯಲ್ಲಿರುವ ಎಲ್ಲವನ್ನೂ ಸ್ಕೇಲಿನ ಮೇಲೆ ನಿಲ್ಲಿಸಿ ನೋಡುತ್ತಿದ್ದಾಳೆ. ಸೌಟು ತಲೆಭಾರವಂತೆ.

ಗಟ್ 23 ಪೌಂಡ್ ಹಾಕಿಸಿದೆ. ಹಾಕುವವರು ಹಳೆಯದನ್ನು ಕತ್ತರಿಸುವಾಗ ಪ್ರತಿ ಎಳೆಯಲ್ಲಿಯೂ ಕಾಕಾ ಹೇಳಿದ ಗೀರು ಇತ್ತು. ಮೊದಲ ದಿನ ಮೂರು ಕಾಕ್ ಹಿಂಬದಿ ಗೆರೆ ದಾಟಿ ಹೊರಗೆ ಹೋದವು, ಜೊತೆಗಾರ ಬೈದ. ನಾಲ್ಕನೇ ದಿನಕ್ಕೆ ಹತೋಟಿಗೆ ಬಂತು. ಸ್ಮ್ಯಾಷ್ ಸಾತ್ವಿಕ್‌ನಂತೆ ಆಗಿಲ್ಲ, ಆದರೆ ಈಗ ಕೆಳಮುಖವಾಗಿ ಹೋಗುತ್ತಿದೆ. ಮಗಳಿಗೆ 23 ಇಂಚಿನದು ಬಂತು, ಇಪ್ಪತ್ತೇಳರವರೆಗೆ ಎಣಿಸಿದಳು.

ಭಾನುವಾರ ಅದೇ ಜೋಡಿಯ ಎದುರು 18-21, 21-19, 17-21. ಈ ಸಲ ಟೇಪು ತರಿಸಲಿಲ್ಲ. ಆಟ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: ಗುಂಪಿನಲ್ಲಿ ನಾನು ಕಳಿಸಿದ್ದನ್ನು ಓದಿ ತಮ್ಮ ಬ್ಯಾಟಿನ ಹಿಡಿ ಸುಲಿದು ನೋಡಿದರಂತೆ. ಮೂರು ಪದರ.

ಕಡಲ ಗಾಳಿಯವರೇ, ನಿಮ್ಮ ಪರೀಕ್ಷೆಯನ್ನೂ ಮಾಡಿದೆವು. ನಮ್ಮ 76 ನಂಬರಿನ ಕಾಕ್ ಗೆರೆಗೆ ಒಂದೂಕಾಲು ಮೀಟರ್ ಮೊದಲೇ ಬಿತ್ತು, ನಾಲ್ಕು ಜನ ಹೊಡೆದರೂ ಅಷ್ಟೇ. ದಾವಣಗೆರೆಗೆ 77 ತರಿಸಬೇಕೇ? ಇಡೀ ಡಬ್ಬಿ ಉಳಿದಿದೆ, ಅದನ್ನು ಏನು ಮಾಡುವುದು?